ನಿಮ್ಮ ಪಕ್ಕದವರು ಬಂದ್ರಾ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯ ಮೇಲೆ ಊರಿ ಬಸ್ಸಕ್ಕ ನಿಂತಿದ್ದಾರೆ. ಕೈಯಲ್ಲಿ ಒದ್ದೆ ಬಟ್ಟೆ, ಕಂಕುಳಲ್ಲಿ ಕೆಂಪು ಕೊಡೆ. ಕಿಟಕಿ ಗಾಜುಗಳನ್ನು ಒಳಗಿನಿಂದ ಒರೆಸಿ ಮುಗಿಸಿದ್ದಾರೆ. ಹೊರಗಿನದು ಗಂಡನ ಪಾಲು. ಗಂಡನೇ ಈ ಬಸ್ಸಿನ ಡ್ರೈವರ್. ಅವರಿಗೆ ಗಾಜು ಒರೆಸುವುದಕ್ಕಿಂತ ಟೈರಿಗೆ ಒದ್ದು ನೋಡುವುದರಲ್ಲೇ ಹೆಚ್ಚು ಆಸಕ್ತಿ.

"ರೀ, ಆ ಮೂರನೇ ಕಿಟಕಿ ಹಾಗೇ ಇದೆ," ಎನ್ನುತ್ತಾರೆ ಬಸ್ಸಕ್ಕ.

"ಅಲ್ಲಿ ಕೂರೋರು ಹೇಗೂ ನಿದ್ದೆ ಮಾಡ್ತಾರೆ ಬಿಡೇ."

"ನಿದ್ದೆ ಮಾಡೋರೂ ಒಂದ್ಸಲ ಕಣ್ಣು ಬಿಡ್ತಾರೆ. ಒರೆಸಿ."

ನಿಲ್ದಾಣದ ಹಿಂದಿನ ಬೀದಿಯಿಂದ ಹೊರಡುವ ಈ ಬಿಳಿ ಬಸ್ಸು ಬೆಟ್ಟದ ಮೇಲಿನ ಹಳೆಯ ಕೋಟೆಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸು ಬರುತ್ತದೆ. ಕೋಟೆಯ ಚಿತ್ರ ಶಾಲೆಯ ಪುಸ್ತಕದಲ್ಲಿದೆ, ಬಿಸ್ಕತ್ತಿನ ಡಬ್ಬದ ಮೇಲಿದೆ. ಕಟ್ಟಿಸಿದ ರಾಜನ ಹೆಸರು ಮಕ್ಕಳಿಗೂ ಬಾಯಿಪಾಠ. ಅದನ್ನು ನೋಡಲು ಹೋದವರನ್ನೆಲ್ಲ ಸಂಜೆ ಊರಿಗೆ ತಂದು ಇಳಿಸುವ ಹೆಂಗಸಿನ ಹೆಸರು ಮಾತ್ರ ಬಸ್ಸಿನ ಮಾಲೀಕರಿಗೂ ನೆನಪಿದ್ದಂತಿಲ್ಲ. ಅವರ ಫೋನಿನಲ್ಲೂ ಇವರು ಬರೀ ಬಸ್ಸಕ್ಕ.

ಕೆಲಸ ಹೇಳುವುದಕ್ಕೆ ಸುಲಭ. ಜನರನ್ನು ಹತ್ತಿಸಬೇಕು, ವಾಂತಿ ಬರುವವರನ್ನು ಮುಂದೆ ಕೂರಿಸಬೇಕು, ಕಿಟಕಿಗಾಗಿ ಜಗಳ ಆಡುವವರಿಗೆ ಹೋಗುವಾಗ ನಿಮಗೆ, ಬರುವಾಗ ಅವರಿಗೆ ಎಂದು ತೀರ್ಪು ಕೊಡಬೇಕು. ಇಡೀ ದಿನ ಕೋಟೆಯ ಮೆಟ್ಟಿಲ ಬುಡದಲ್ಲಿ ಕೊಡೆ ಬಿಚ್ಚಿ, ಎಲ್ಲಿಂದ ನೋಡಿದರೂ ಕಾಣುವ ಹಾಗೆ ನಿಂತಿರಬೇಕು. ಸಂಜೆ ಒಬ್ಬರೂ ತಪ್ಪದಂತೆ ವಾಪಸು ಕರೆತರಬೇಕು. ಈ ಕೊನೆಯದಕ್ಕಾಗಿಯೇ ಉಳಿದದ್ದೆಲ್ಲ ಎನ್ನುತ್ತಾರೆ ಬಸ್ಸಕ್ಕ.

ಅದಕ್ಕೆ ಅವರದೇ ಒಂದು ದಾರಿಯಿದೆ. ಅವರು ತಲೆ ಎಣಿಸುವುದಿಲ್ಲ. ಹೊರಡುವ ಮುಂಚೆ ಪ್ರತಿ ಸೀಟಿನ ಹತ್ತಿರ ನಿಂತು, ಕೂತವರ ಕಣ್ಣು ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ: "ನಿಮ್ಮ ಪಕ್ಕದವರು ಬಂದ್ರಾ?"

ಇದನ್ನು ಕಲಿಸಿದ್ದು ಪುಟ್ಟ ಮಕ್ಕಳು. ಮದುವೆಯಾದ ಹೊಸದರಲ್ಲಿ ಬಸ್ಸಕ್ಕ ಒಂದು ಶಿಶುವಿಹಾರದಲ್ಲಿ ಆಯಾ ಆಗಿದ್ದರು. ಮಕ್ಕಳನ್ನು ಉದ್ಯಾನಕ್ಕೆ ಕರೆದೊಯ್ಯುವಾಗ ಇಬ್ಬಿಬ್ಬರು ಕೈ ಹಿಡಿದುಕೊಂಡು ಸಾಲಾಗಿ ನಡೆಯಬೇಕಿತ್ತು. "ನಾನು ಎಣಿಸ್ತಾ ಇದ್ರೆ ಒಂದು ಈ ಕಡೆ ಓಡೋದು, ಇನ್ನೊಂದು ಆ ಕಡೆ. ಕಪ್ಪೆ ತಕ್ಕಡಿಗೆ ಹಾಕಿದ ಹಾಗೆ. ಆದ್ರೆ ಜೊತೆಗಿದ್ದ ಮಗು ಕೈ ಬಿಟ್ಟು ಹೋದ್ರೆ ಈ ಮಗು ತಕ್ಷಣ ಹೇಳೋದು. ಎಣಿಕೆ ಬರದೇ ಇದ್ರೂ ಕೈ ಖಾಲಿಯಾಗಿದ್ದು ಗೊತ್ತಾಗುತ್ತಲ್ಲ." ಶಿಶುವಿಹಾರ ಮುಚ್ಚಿತು. ಅದೇ ಹೊತ್ತಿಗೆ ಗಂಡನ ಬಸ್ಸಿನ ಸಹಾಯಕ ಹೇಳದೆ ಕೇಳದೆ ಕೆಲಸ ಬಿಟ್ಟ. ಬೇರೆಯವರು ಸಿಗುವವರೆಗೆ ಅಂತ ಹತ್ತಿದವರು ಬಸ್ಸಕ್ಕ. ಬೇರೆಯವರು ಇವತ್ತಿಗೂ ಸಿಕ್ಕಿಲ್ಲ. ಯಾರೂ ಹುಡುಕಿದ ಹಾಗೂ ಕಾಣೆ.

ಆ ಪ್ರಶ್ನೆಯಲ್ಲೂ ಒಂದು ತೂತಿತ್ತು. ಒಂದು ಸಂಜೆ ಎಲ್ಲರೂ "ಬಂದ್ರು" ಎಂದರು, ಬಸ್ಸು ಹೊರಟಿತು. ಒಬ್ಬರೇ ಬಂದು ಕೊನೆಯ ಸಾಲಿನ ಮೂಲೆಯಲ್ಲಿ ಒಬ್ಬರೇ ಕೂತಿದ್ದ ನರ್ಸಮ್ಮ ಕೋಟೆಯಲ್ಲೇ ಉಳಿದಿದ್ದರು. ಬೆಟ್ಟದ ಬುಡಕ್ಕೆ ಬಂದಾಗ ಗೊತ್ತಾಗಿ ಬಸ್ಸನ್ನು ತಿರುಗಿಸಿದರು. ಮುಚ್ಚಿದ ಬಾಗಿಲ ಮುಂದೆ ನರ್ಸಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಬೈದಿದ್ರೆ ಚೆನ್ನಾಗಿತ್ತು. ಅವರು ಬೈಲಿಲ್ಲ. 'ಪಾಪ, ನನ್ನ ವಿಷಯ ನೀವು ಯಾರನ್ನ ಕೇಳ್ತೀರಿ ಬಿಡಿ' ಅಂದ್ರು. ಆ ಮಾತು ಈಗಲೂ ಚುಚ್ಚುತ್ತೆ," ಎನ್ನುವಾಗ ಬಸ್ಸಕ್ಕನ ದನಿ ಇಳಿಯುತ್ತದೆ.

ಅಂದಿನಿಂದ ಅವರ ಬಸ್ಸಿನಲ್ಲಿ ಒಬ್ಬರೇ ಬರಬಹುದು, ಆದರೆ ಒಬ್ಬರೇ ಕೂರುವ ಹಾಗಿಲ್ಲ. ಊರಾಚೆಯ ಸೇತುವೆ ದಾಟುವುದರೊಳಗೆ ಒಂಟಿಯಾಗಿ ಬಂದವರಿಗೆಲ್ಲ ಒಬ್ಬ ಪಕ್ಕದವರನ್ನು ಹುಡುಕಿ ಕೂರಿಸುತ್ತಾರೆ. "ನಮ್ಮವಳು ಮದುವೆ ದಲ್ಲಾಳಿ ಆಗಬೇಕಿತ್ತು," ಎಂದು ಡ್ರೈವರ್ ಕನ್ನಡಿಯಲ್ಲೇ ನಗುತ್ತಾರೆ.

ಇವತ್ತು ಒಂಟಿಯಾಗಿ ಬಂದವರು ಇಬ್ಬರು. ಒಬ್ಬರು ಗರಿಗರಿ ಇಸ್ತ್ರಿ ಶರ್ಟಿನ, ಮುಖ ಕಾಣುವಷ್ಟು ಹೊಳೆಯುವ ಬೂಟಿನ ಯಜಮಾನರು. ಮೂರನೇ ಕಿಟಕಿಗೆ ಆತು ಕೂತು, ಪಕ್ಕದ ಸೀಟಿನಲ್ಲಿ ಚೀಲ ಇಟ್ಟಿದ್ದಾರೆ. ಇನ್ನೊಬ್ಬರು ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಹೆಂಗಸು. ಒಂದು ದಿನದ ಮಟ್ಟಿಗೆ ಅಂಗಡಿಯನ್ನು ತಂಗಿಗೆ ಒಪ್ಪಿಸಿ ಬಂದಿದ್ದಾರೆ. ಬಸ್ಸು ಹತ್ತಿದಾಗಿನಿಂದ ಅವರ ಬಾಯಿಗೆ ಬಿಡುವಿಲ್ಲ. ಮಾತಾಡುತ್ತಾರೆ, ಇಲ್ಲವೇ ಕಿತ್ತಳೆ ತಿನ್ನುತ್ತಾರೆ.

"ಯಜಮಾನ್ರೇ, ಆ ಚೀಲ ಸ್ವಲ್ಪ ತೊಡೆ ಮೇಲೆ ಇಟ್ಕೊಳ್ಳಿ, ಈ ಅಮ್ಮ ಕೂತ್ಕೊಳ್ತಾರೆ," ಎನ್ನುತ್ತಾರೆ ಬಸ್ಸಕ್ಕ.

"ಬೇರೆ ಎಲ್ಲಾದ್ರೂ ಕೂರಿಸಮ್ಮ. ಇದ್ರಲ್ಲಿ ನನ್ನ ಫೋನು, ಮಾತ್ರೆ, ಮನೆ ಬೀಗದ ಕೈ ಎಲ್ಲಾ ಇದೆ."

"ಹಾಗಿದ್ರೆ ಅದಕ್ಕೆ ಕಾವಲು ಬೇಡ್ವಾ? ಇವರು ನೋಡ್ಕೊಳ್ತಾರೆ."

ಯಜಮಾನರು ಮುಖ ಗಂಟಿಕ್ಕಿ ಚೀಲ ಎತ್ತಿದರು. ಸೇತುವೆ ದಾಟುವ ಮೊದಲೇ ಕಿತ್ತಳೆ ಸಿಪ್ಪೆಯೊಂದು ಅವರ ಬೂಟಿನ ಮೇಲೆ ಬಿತ್ತು. ಇವತ್ತು ಬೆಳಿಗ್ಗೆ ತಾನೇ ಪಾಲಿಶ್ ಮಾಡಿದ್ದು ಎಂದು ಗೊಣಗಿ, ಕರವಸ್ತ್ರದಿಂದ ಒರೆಸಿ, ಕಿಟಕಿಯ ಕಡೆ ತಿರುಗಿ ಕೂತರು.

ಕೋಟೆಯಲ್ಲಿ ದಿನ ಎಂದಿನಂತೆ ಸಾಗುತ್ತದೆ. ಮಧ್ಯಾಹ್ನ ನೀರಿನ ಟ್ಯಾಂಕರ್ ಬಂದಾಗ ಮೈದಾನದ ಕಾವಲುಗಾರ ಬಸ್ಸುಗಳನ್ನು ಅತ್ತಿತ್ತ ಸರಿಸುತ್ತಾನೆ. ಇವರ ಬಸ್ಸು ಗೋಡೆ ಬದಿಯಿಂದ ಮರದ ಕೆಳಗೆ ಹೋಗುತ್ತದೆ. ಮರದ ಕೆಳಗಿದ್ದ ಇನ್ನೊಂದು ಬಿಳಿ ಬಸ್ಸು ಗೋಡೆ ಬದಿಗೆ ಬರುತ್ತದೆ. ಅಕ್ಕಪಕ್ಕ ನಿಲ್ಲಿಸಿದರೆ ಹೆತ್ತ ತಾಯಿಗೂ ಗುರುತು ಸಿಗದ ಅವಳಿಗಳು ಇವು. ಆದರೆ ಆ ಬಸ್ಸು ಹೋಗುವುದು ಬೆಟ್ಟದ ಆಚೆ ಮಗ್ಗುಲಿನ ಊರಿಗೆ. ಇಳಿದು ಬಂದವರಿಗೆಲ್ಲ ಬಸ್ಸಕ್ಕ ಮೆಟ್ಟಿಲ ಬುಡದಲ್ಲೇ ಹೇಳುತ್ತಿದ್ದಾರೆ: "ಬಸ್ಸು ಮರದ ಕೆಳಗಿದೆ, ಗೋಡೆ ಹತ್ರ ಹೋಗಬೇಡಿ."

ಸಂಜೆ ಎಲ್ಲ ಸೀಟೂ ತುಂಬಿದೆ. "ಎಲ್ಲಾರೂ ಬಂದಾಯ್ತಕ್ಕಾ, ಹೊರಡಿ. ಒಂದು ಸೀಟೂ ಖಾಲಿ ಇಲ್ಲ," ಎಂದು ಹಿಂದಿನಿಂದ ಯಾರೋ ಕೂಗುತ್ತಾರೆ. ಡ್ರೈವರ್ ಇಂಜಿನ್ ಶುರು ಮಾಡಿದ್ದಾರೆ. ಬಸ್ಸಕ್ಕ ಮಾತ್ರ ಹಿಂದಿನ ಸಾಲಿನಿಂದ ಒಂದೊಂದೇ ಸೀಟಿನ ಹತ್ತಿರ ನಿಂತು ಕೇಳುತ್ತಾ ಬರುತ್ತಾರೆ. ಬಂದ್ರು, ಬಂದ್ರು, ಬಂದ್ರು. ಮೂರನೇ ಸಾಲಿನಲ್ಲಿ ತರಕಾರಿಯಮ್ಮ ಯಜಮಾನರ ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಾರೆ. ಮಂಡಿನೋವೆಂದು ತರಕಾರಿಯಮ್ಮ ಕೆಳಗಿನ ಅಂಗಳದಲ್ಲೇ ಕೂತಾಗ, ಯಜಮಾನರು ಚೀಲವನ್ನು ಅವರಿಗೇ ವಹಿಸಿ ಬುರುಜು ಹತ್ತಿದ್ದರಂತೆ. ಕಿಟಕಿ ಬದಿಯಲ್ಲಿ ಮುಖದ ಮೇಲೆ ಟೋಪಿ ಎಳೆದುಕೊಂಡು ಒಬ್ಬರು ಗೊರಕೆ ಹೊಡೆಯುತ್ತಿದ್ದಾರೆ.

"ನಿಮ್ಮ ಪಕ್ಕದವರು ಬಂದ್ರಾ?"

"ಬಂದು ಆಗ್ಲೇ ಮಲಗಿಬಿಟ್ಟಿದ್ದಾರೆ," ಎಂದ ತರಕಾರಿಯಮ್ಮ ಅಭ್ಯಾಸಬಲದಿಂದ ಕೆಳಗೆ ನೋಡುತ್ತಾರೆ, ಸಿಪ್ಪೆ ಮತ್ತೆ ಬೂಟಿನ ಮೇಲೆ ಬಿತ್ತೇನೋ ಎಂದು. ಅಲ್ಲಿ ಬೂಟೇ ಇಲ್ಲ. ಧೂಳು ಹಿಡಿದ ಚಪ್ಪಲಿ ಇದೆ. "ಇರಿ ಬಸ್ಸಕ್ಕ. ಇವರು ನನ್ನ ಪಕ್ಕದವರಲ್ಲ."

ಬಸ್ಸಕ್ಕ ಬಗ್ಗುತ್ತಾರೆ. ಟೋಪಿ ಎತ್ತಿದರೆ ಯಾರೋ ಅಪರಿಚಿತರು, ಕಣ್ಣುಜ್ಜಿಕೊಂಡು, "ಊರು ಬಂತಾ?" ಎನ್ನುತ್ತಾರೆ. ಬೆಳಿಗ್ಗೆ ಆ ಇನ್ನೊಂದು ಬಸ್ಸಿನಿಂದ ಮರದ ಕೆಳಗೆ ಇಳಿದವರು ಸಂಜೆ ಮರದ ಕೆಳಗೇ ಬಂದು ಹತ್ತಿದ್ದಾರೆ. ಅಷ್ಟು ಸಾಕು. ಯಜಮಾನರು ಎಲ್ಲಿರಬಹುದು ಎಂದು ಬಸ್ಸಕ್ಕನಿಗೆ ಹೊಳೆದುಹೋಗುತ್ತದೆ. ಗೋಡೆ ಬದಿಯ ಬಸ್ಸು ಆಗಲೇ ಮೈದಾನದ ಬಾಗಿಲ ಕಡೆ ತಿರುಗುತ್ತಿದೆ.

ಐವತ್ತು ದಾಟಿದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುವುದನ್ನು ಬಸ್ಸಿಗೆ ಬಸ್ಸೇ ಎದ್ದು ನೋಡುತ್ತದೆ. ಬಾಗಿಲ ನಡುವೆ ಕೆಂಪು ಕೊಡೆ ಬಿಚ್ಚಿಕೊಂಡು ನಿಂತೇಬಿಟ್ಟರು. ಆ ಬಸ್ಸಿನ ಸಹಾಯಕ ಕೆಳಗಿಳಿದು, "ಏನಕ್ಕಾ ಇದು? ನಾನು ಎರಡು ಸಲ ಎಣಿಸಿದ್ದೀನಿ, ಸರಿಯಾಗಿದೆ," ಎನ್ನುತ್ತಾನೆ.

"ಎಣಿಕೆ ಸರಿಯಾಗಿದೆಯಪ್ಪ. ಜನ ಸರಿಯಾಗಿಲ್ಲ," ಎನ್ನುತ್ತಾ ಬಸ್ಸಕ್ಕ ಮೇಲೆ ಹತ್ತುತ್ತಾರೆ.

ಮೂರನೇ ಕಿಟಕಿಗೆ ಆತು, ಬುರುಜು ಹತ್ತಿ ಇಳಿದ ಸುಸ್ತಿಗೆ ಕಣ್ಣು ಮುಚ್ಚಿ ಯಜಮಾನರು ಕೂತಿದ್ದಾರೆ. ಕ್ಯಾಂಟೀನಿನ ಪಕ್ಕದ ಸಣ್ಣ ಬಾಗಿಲಿಂದ ಇಳಿದದ್ದರಿಂದ ಕೆಂಪು ಕೊಡೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಟೋಪಿಯವರೂ ಆ ಬಸ್ಸಿಗೆ ಒಂಟಿಯಾಗಿ ಬಂದವರೇ. ಪಕ್ಕದ ಸೀಟು ಖಾಲಿ. ಇವರು ಅವರಲ್ಲ ಎಂದು ಹೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಟೋಪಿಯವರು ತಮ್ಮ ಬಸ್ಸಿಗೆ ಹೋದ ಮೇಲೆ, ವಾಪಸು ಬಂದ ಯಜಮಾನರು ತಮ್ಮ ಕಿಟಕಿಗೆ ಹೋಗಿ ಕೂರುತ್ತಾರೆ. ತರಕಾರಿಯಮ್ಮ ಚೀಲ ಕೊಡಲು ಹೋದರೆ, "ನಿಮ್ಮ ಹತ್ರಾನೇ ಇರ್ಲಿ ಬಿಡಿ," ಎನ್ನುತ್ತಾರೆ. ಆಮೇಲೆ ಒಂದು ಕಿತ್ತಳೆ ಕೇಳಿ ಪಡೆದು, ತಾವೇ ಸುಲಿಯುತ್ತಾರೆ. ಸಿಪ್ಪೆ ಬೂಟಿನ ಮೇಲೆ ಬಿದ್ದರೂ ಒರೆಸಿಕೊಳ್ಳುವುದಿಲ್ಲ.

ಊರಿಗೆ ಬಂದು ಎಲ್ಲರೂ ಇಳಿದ ಮೇಲೆ ಬಸ್ಸಕ್ಕ ಪೊರಕೆ ಹಿಡಿದು ಸೀಟುಗಳ ನಡುವೆ ಬಗ್ಗುತ್ತಾರೆ. ಕೋಟೆಯ ಮೇಲಿನಿಂದ ಊರು ಹೇಗೆ ಕಾಣುತ್ತದೆ ಎಂದು ಕೇಳಿದರೆ ನಗುತ್ತಾರೆ. ದೀಪದ ಬುಡದಲ್ಲಿ ಕತ್ತಲೆ. ಇಷ್ಟು ವರ್ಷದಲ್ಲಿ ಅವರು ಆ ಮೆಟ್ಟಿಲು ಹತ್ತಿಯೇ ಇಲ್ಲ. ಕೆಳಗೆ ಕೊಡೆ ಹಿಡಿಯಲು ಬೇರೆ ಯಾರಿದ್ದಾರೆ?

"ಹತ್ತಬೇಕು ಒಂದಿನ," ಎನ್ನುತ್ತಾರೆ ಸಿಪ್ಪೆಗಳನ್ನು ಒಟ್ಟು ಮಾಡುತ್ತಾ. "ಎಲ್ಲಾರ ಹಾಗೆ ಟಿಕೆಟ್ ತಗೊಂಡು, ಮೇಲೆ ಹೋಗಿ, ಹೊತ್ತು ಹೋಗಿದ್ದೇ ಗೊತ್ತಾಗ್ದೆ ಕೂತಿರಬೇಕು. ಕೆಳಗೆ ಬಸ್ಸು ಹೊರಡೋಕೆ ನಿಂತಿರುತ್ತಲ್ಲ, ಆಗ ಯಾರಾದ್ರೂ ಒಬ್ರು ಹೇಳಬೇಕು, 'ನನ್ನ ಪಕ್ಕದವರು ಇನ್ನೂ ಬಂದಿಲ್ಲ, ನಿಲ್ಸಿ' ಅಂತ."

ಮುಂದಿನ ಸೀಟಿನಿಂದ ಡ್ರೈವರ್ ತಿರುಗದೆಯೇ ಹೇಳುತ್ತಾರೆ: "ಅವತ್ತು ಬಸ್ಸು ಬೇರೆ ಯಾರಾದ್ರೂ ಓಡಿಸ್ಲಿ. ಪಕ್ಕದ ಸೀಟು ನಂದು."