ಕೂದಲು ತಾನೆ, ಬೆಳೆಯುತ್ತೆ

ನಮ್ಮ ಭಾವನ ಕಸುಬು ತಲೆ ಬೋಳಿಸುವುದೇ ಆದರೂ ಜನ್ಮದಲ್ಲಿ ಒಬ್ಬರ ತಲೆಯನ್ನೂ ಬೋಳಿಸಿದವರಲ್ಲ. ಈ ಮಾತನ್ನು ಅವರ ಅಂಗಡಿಯ ಬೆಂಚಿನ ಮೇಲೆ ಕೂತು ನಾನು ನೂರು ಸಲ ಹೇಳಿದ್ದೇನೆ. ನೂರು ಸಲವೂ ಅವರು ಹೊಸದಾಗಿ ಕೇಳಿದವರ ಹಾಗೆ ನಕ್ಕಿದ್ದಾರೆ. ಅಕ್ಕನ ಗಂಡ ಎಂದು ಹೊಗಳುತ್ತಿಲ್ಲ, ಹೊಗಳುವುದು ನನ್ನ ಜಾಯಮಾನವೇ ಅಲ್ಲ. ನಾನು ನಲ್ಲಿ, ಪೈಪು ರಿಪೇರಿ ಮಾಡುವವನು. ದಿನವಿಡೀ ಬೇರೆಯವರ ಮನೆಯ ಕೊಚ್ಚೆಗೆ ಕೈ ಹಾಕಿ ನಿನ್ನ ಬಾಯಿಯೂ ಹಾಗೇ ಆಗಿದೆ ಎಂದು ಅಕ್ಕ ಬೈಯುತ್ತಾಳೆ.

ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದೆ. ಎರಡು ಕುರ್ಚಿ, ಎದುರು ಬದುರಾಗಿ ಎರಡು ದೊಡ್ಡ ಕನ್ನಡಿ, ಒಂದು ರೇಡಿಯೊ. ಕೆಲಸ ಮುಗಿದ ಮೇಲೆ ಭಾವ ಕೈಗನ್ನಡಿಯನ್ನು ಗಿರಾಕಿಯ ತಲೆಯ ಹಿಂದೆ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ಹಿಂಭಾಗವನ್ನು ತೋರಿಸುತ್ತಿದ್ದರು. ಗಿರಾಕಿ ಸರಿ ಎಂದು ತಲೆಯಾಡಿಸುವ ತನಕ ಹೊದಿಸಿದ ಬಟ್ಟೆ ಬಿಚ್ಚುತ್ತಿರಲಿಲ್ಲ. ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡು ತೀರಾ ಗಿಡ್ಡವಾಯಿತು ಎಂದರೆ ಅವರ ಸಮಾಧಾನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. "ಕೂದಲು ತಾನೆ, ಬೆಳೆಯುತ್ತೆ." ಅಳುವ ಮಕ್ಕಳಿಗೂ ಅದೇ, ಮದುವೆಯಾಗಬೇಕಾದ ಗಂಡಿಗೂ ಅದೇ.

ದೇವರು ನನಗೆ ಧಾರಾಳವಾಗಿ ಕೊಟ್ಟದ್ದು ಕೂದಲೊಂದೇ. ದಟ್ಟವಾದ ಗುಂಗುರು ಕೂದಲು, ಬಾಚಣಿಗೆ ಹಾಕಿದರೆ ಹಲ್ಲು ಮುರಿಯಬೇಕು. ಅದು ಹಾಗೇ ನನ್ನ ಅಕ್ಕನ ಮಗನಿಗೂ ಬಂತು. ಬೇರೆ ಆಸ್ತಿ ಕೊಡಲಾಗದ ಸೋದರಮಾವ ಇದನ್ನಾದರೂ ಕೊಟ್ಟನಲ್ಲ ಎಂದು ಭಾವ ಚುಡಾಯಿಸುತ್ತಿದ್ದರು. ಮನೆಯಲ್ಲಿ ಹುಡುಗನ ಹೆಸರೇ ಗುಂಗುರು ಆಯಿತು. ಬೀದಿಯಲ್ಲಿ ಹಿಂದಿನಿಂದ ನೋಡಿ ಅವನನ್ನು ನಾನೆಂದು ಕರೆದವರಿದ್ದಾರೆ.

ಗುಂಗುರು ಕಾಲೇಜು ಸೇರಿ ಹಾಸ್ಟೆಲಿಗೆ ಹೋದ. ಮೊದಲ ವರ್ಷ ಮುಗಿಯುವ ಮುಂಚೆಯೇ ಹಾಸ್ಟೆಲಿನ ತಾರಸಿಯಿಂದ ಬಿದ್ದು ಸತ್ತ.

ಒಣಗಿದ ಬಟ್ಟೆ ತೆಗೆಯಲು ಹೋಗಿ ಕಾಲು ಜಾರಿದ ಎಂದು ಕಾಲೇಜಿನವರು ಹೇಳಿದರು. ಅವನ ರೂಮಿನ ಹುಡುಗ ಆಸ್ಪತ್ರೆಯಲ್ಲಿ ಅಕ್ಕನ ಪಕ್ಕಕ್ಕೆ ಬಂದು, ಸೀನಿಯರ್‌ಗಳು ಅವನನ್ನು ತಾರಸಿಯ ಅಂಚಿನ ಕಟ್ಟೆಯ ಮೇಲೆ ನಡೆಸಿದರು ಎಂದು ಪಿಸುಗುಟ್ಟಿದ. ಮರುದಿನ ಕೇಳಿದರೆ ನಾನೇನೂ ನೋಡಿಲ್ಲ ಎಂದ. ಅವನ ಬಾಯಿಗೆ ಯಾರೋ ಬೀಗ ಹಾಕಿದ್ದರು.

ಶವಾಗಾರದಲ್ಲಿ ಅಕ್ಕ ಮಗನ ತಲೆಯ ಮೇಲೆ ಕೈಯಿಟ್ಟಳು. ಅಲ್ಲಿ ಗುಂಗುರು ಕೂದಲು ಇರಲಿಲ್ಲ. ಅಕ್ಕಿಕಾಳಿನಷ್ಟು ಉದ್ದದ ಕೂದಲು, ಅಷ್ಟೆ. "ನನ್ನ ಮಗೂಗೆ ಯಾರು ಹೀಗೆ ಮಾಡಿದ್ದು?" ಎಂದು ಅವಳು ಕೇಳಿದಳು. ಭಾವ ಅವಳ ಪಕ್ಕದಲ್ಲೇ ನಿಂತಿದ್ದರು. ಏನೂ ಮಾತಾಡಲಿಲ್ಲ. ದುಃಖ ಎಂದುಕೊಂಡೆ.

ದೂರು ಬರೆಸಿದವನು ನಾನು. ಸೀನಿಯರ್‌ಗಳು ಹುಡುಗನ ತಲೆ ಬೋಳಿಸಿ ಅವಮಾನ ಮಾಡಿದರು, ಆಮೇಲೆ ಕಟ್ಟೆಯ ಮೇಲೆ ನಡೆಸಿ ಸಾಯಿಸಿದರು ಎಂದು ಮೊದಲ ಸಾಲಿನಲ್ಲೇ ಬರೆಸಿದೆ. ಅಕ್ಕ ಸಹಿ ಹಾಕಿದಳು. ಭಾವ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದು ಅವರೂ ಹಾಕಿದರು.

ಆಮೇಲಿನದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾಲೇಜಿನ ಸಮಿತಿಯ ವರದಿ ಬರಲಿ, ಆಮೇಲೆ ನೋಡೋಣ ಎಂದು ಪೊಲೀಸರು. ಪೊಲೀಸರು ನೋಡುತ್ತಿದ್ದಾರಲ್ಲ, ನಾವು ಅಡ್ಡ ಬರಬಾರದು ಎಂದು ಕಾಲೇಜು. ಪ್ರಿನ್ಸಿಪಾಲರು ಅಕ್ಕನಿಗೆ ತಣ್ಣನೆಯ ನೀರು ತರಿಸಿ ಕೊಟ್ಟು, ಹೋದವನು ಹೋದ, ಉಳಿದ ಮಕ್ಕಳ ಭವಿಷ್ಯವನ್ನೂ ನೋಡಬೇಕಲ್ಲವೇ ತಾಯಿ ಎಂದರು. ಅಕ್ಕ ಆ ನೀರನ್ನು ಮುಟ್ಟದೆ ಎದ್ದು ಬಂದಳು. ಅವಳು ಪುಸ್ತಕ ಬೈಂಡಿಂಗ್ ಮಾಡುವ ಕಡೆ ಹಾಳೆ ಮಡಚುವ ಕೆಲಸದವಳು. ಅಲ್ಲಿಂದ ನೇರ ಕೆಲಸಕ್ಕೆ ಹೋಗಿ ಸಂಜೆಯ ತನಕ ಹಾಳೆ ಮಡಚಿದಳು.

ಒಬ್ಬ ವಕೀಲಮ್ಮನ ಆಫೀಸಿನಲ್ಲಿ ನಾನು ಹಿಂದೆ ಪೈಪು ಸರಿಮಾಡಿದ್ದೆ. ಅವರ ಹತ್ತಿರ ಹೋದೆವು. ವಕೀಲಮ್ಮ ಕಡಿಮೆ ಮಾತಿನವರು, ಆಡಿದ ಮಾತು ಮಾತ್ರ ಗಟ್ಟಿ. ಕಾಲೇಜಿನ ವಿಚಾರಣೆ ಒಂದು ದಾರಿ, ಪೊಲೀಸ್ ಕೇಸು ಇನ್ನೊಂದು, ಒಂದಕ್ಕಾಗಿ ಇನ್ನೊಂದು ಕಾಯಬೇಕಾಗಿಲ್ಲ ಎಂದರು. ತಮ್ಮ ಛಾವಣಿಯ ಕೆಳಗೆ ಇಟ್ಟುಕೊಂಡ ಹುಡುಗನನ್ನು ಕಾಯದೆ ಹೋದದ್ದಕ್ಕೆ ಕಾಲೇಜಿನ ಮೇಲೆಯೇ ಪರಿಹಾರದ ದಾವೆ ಹಾಕಬಹುದು, ಅದು ಮೂರನೆಯದು. ಹುಡುಗ ತಾನಾಗಿ ಒಪ್ಪಿ ಕಟ್ಟೆ ಹತ್ತಿದ ಎಂದು ಅವರು ಹೇಳಿಯೇ ಹೇಳುತ್ತಾರೆ, ಹೆದರಿದವನು ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ. ಹೆದರಿರುವ ಹುಡುಗರು ತಮ್ಮ ಹೆಸರು ಹೊರಗೆ ಬಾರದ ಹಾಗೆ ಸಾಕ್ಷಿ ಹೇಳುವುದಕ್ಕೂ ಅನುಮತಿ ಕೇಳಬಹುದು. ಸತ್ತವನಿಗೆ ಮಾತಿಲ್ಲದಿದ್ದರೂ ಹೆತ್ತವರಿಗೆ ಹಕ್ಕಿದೆ. ಅಷ್ಟು ಕೇಳಿ ಅಕ್ಕ ಮೊದಲ ಸಲ ಅತ್ತಳು.

ವಕೀಲಮ್ಮ ಕಳಿಸಿದ ನೋಟಿಸಿಗೆ ಕಾಲೇಜಿನವರ ಉತ್ತರ ಬಂದ ದಿನ ಅಕ್ಕನಿಗೆ ರಜೆ ಸಿಗಲಿಲ್ಲ. ನಾನು, ಭಾವ ಇಬ್ಬರೇ ಹೋದೆವು. ವಕೀಲಮ್ಮ ಒಂದು ಫೋಟೊವನ್ನು ನಮ್ಮ ಮುಂದೆ ಸರಿಸಿದರು. ಹಾಸ್ಟೆಲಿನ ಗೇಟಿನ ಕ್ಯಾಮೆರಾದಲ್ಲಿ ಸಿಕ್ಕಿದ್ದು. ಸಾಯುವ ಹಿಂದಿನ ವಾರ ಗುಂಗುರು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಗಿನಿಂದ ಒಳಗೆ ಬರುತ್ತಿದ್ದಾನೆ. ತಲೆ ಆಗಲೇ ನುಣ್ಣಗಿದೆ. ಹುಡುಗನ ತಂದೆ ಕ್ಷೌರದ ಕೆಲಸದವರು, ಅವರೇ ಕತ್ತರಿಸಿ ಕಳಿಸಿದ್ದನ್ನು ನಮ್ಮ ವಿದ್ಯಾರ್ಥಿಗಳ ಮೇಲೆ ಹಾಕಿದ್ದಾರೆ, ಮೊದಲ ಸಾಲೇ ಸುಳ್ಳಾದ ದೂರಿನಲ್ಲಿ ಉಳಿದದ್ದನ್ನು ನಂಬುವುದು ಹೇಗೆ ಎಂದು ಬರೆದಿದ್ದರು.

"ಇದು ಯಾರು ಕತ್ತರಿಸಿದ್ದು?" ವಕೀಲಮ್ಮ ಕೇಳಿದರು.

ಭಾವ ಮೇಜಿನ ಮೇಲಿನ ಫ್ಯಾನನ್ನೇ ನೋಡುತ್ತಿದ್ದು, ಗೊತ್ತಿಲ್ಲ ಎಂದರು.

ಅಂಗಡಿಗೆ ಬಂದ ಮೇಲೆ ಷಟರನ್ನು ಅರ್ಧ ಎಳೆದು ನನಗೆ ಹೇಳಿದರು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಗುಂಗುರು ತಲೆಗೆ ಟವೆಲು ಸುತ್ತಿಕೊಂಡು ಬಂದಿದ್ದನಂತೆ. ಬಿಚ್ಚಿದರೆ ತಲೆ ನೋಡುವ ಹಾಗಿರಲಿಲ್ಲ. ಅಲ್ಲಲ್ಲಿ ಬುಡಕ್ಕೇ ಕತ್ತರಿಸಿ, ಅಲ್ಲಲ್ಲಿ ಗೊಂಚಲು ಬಿಟ್ಟು, ಎರಡು ಕಡೆ ಚರ್ಮಕ್ಕೂ ಗಾಯ ಮಾಡಿದ್ದರು. ಅಮ್ಮನಿಗೆ ಹೇಳಬೇಡ, ನಾನು ವಾಪಸ್ ಹೋಗಲ್ಲ ಎಂದನಂತೆ. ಭಾವ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಮೂವತ್ತು ವರ್ಷದಿಂದ ಆ ಕೈಗೆ ಗೊತ್ತಿದ್ದದ್ದು ಒಂದೇ, ಕೆಟ್ಟಿದ್ದನ್ನು ಸರಿಮಾಡಿ ಕಳಿಸುವುದು. ಮಷೀನು ಹಾಕಿ ಎಲ್ಲವನ್ನೂ ಒಂದೇ ಸಮ ಮಾಡಿದರು. ತಾನು ಕೆಲಸ ಕಲಿಯುವಾಗ ತಿಂದ ಏಟುಗಳ ಕಥೆ ಹೇಳಿದರು, ಒಂದು ವರ್ಷ ಹಲ್ಲು ಕಚ್ಚಿಕೊಂಡಿರು ಎಂದರು. ಕೊನೆಗೆ ಆ ಮಾತನ್ನೂ ಹೇಳಿದರು. ಕೂದಲು ತಾನೆ, ಬೆಳೆಯುತ್ತೆ.

ಆಮೇಲೆ ರೂಢಿಯಂತೆ ಕೈಗನ್ನಡಿ ಹಿಡಿದರು. ಗುಂಗುರು ತನ್ನ ತಲೆಯನ್ನು ನೋಡಲಿಲ್ಲ. ಕನ್ನಡಿಯೊಳಗಿನಿಂದ ಅಪ್ಪನನ್ನು ನೋಡುತ್ತ ಕೂತ. ತಲೆಯಾಡಿಸಲಿಲ್ಲ. ಭಾವ ಕಾದರು, ಆಮೇಲೆ ಬಟ್ಟೆ ಬಿಚ್ಚಿದರು. ನೆಲದ ಕೂದಲನ್ನು ಗುಡಿಸಿ ಎಸೆದು, ಮಗನನ್ನು ಬಸ್ಸು ಹತ್ತಿಸಿ ಬಂದರು.

"ಕೈಗನ್ನಡಿ ಎತ್ತಿದ್ರೆ ಅವನೇ ಕೂತಿರ್ತಾನೆ ಕಣೋ. ಯಾರ ತಲೆ ಹಿಂದೆ ಹಿಡಿದ್ರೂ ಅವನೇ. ಸರಿ ಅಂತ ಹೇಳಲ್ಲ, ಎದ್ದೂ ಹೋಗಲ್ಲ."

ಕೆಲವು ತಿಂಗಳಿಂದ ಅವರು ಗಿರಾಕಿಗಳಿಗೆ ಹಿಂಭಾಗ ತೋರಿಸುವುದನ್ನು ಬಿಟ್ಟಿದ್ದರು. ಕೈಗನ್ನಡಿ ಡ್ರಾಯರಿನೊಳಗೆ ಬೋರಲು ಬಿದ್ದಿತ್ತು. ನನಗೆ ಆಗ ಅವರ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡೂ ಮಾಡದೆ ಬೈದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ನೀವು ಸುಳ್ಳು ಹೇಳಿದ್ದು ವಕೀಲಮ್ಮನಿಗೆ ಆಗಲೇ ಗೊತ್ತಾಗಿದೆ, ನಡೀರಿ ಎಂದು ಎಬ್ಬಿಸಿಕೊಂಡು ಹೋದೆ.

ವಕೀಲಮ್ಮ ಪೂರ್ತಿ ಕೇಳಿದರು. ಬೈಯಲಿಲ್ಲ. ದೂರಿನಲ್ಲಿ ತಪ್ಪಾಗಿದ್ದನ್ನು ಹೊಸ ಹೇಳಿಕೆ ಕೊಟ್ಟು ನಾವೇ ತಿದ್ದಬೇಕು, ಅವರು ಕೆದಕುವ ಮುಂಚೆ ಎಂದರು. ಹುಡುಗನಿಗೆ ಸಾಯುವ ಮುಂಚೆಯೇ ಹಿಂಸೆಯಾಗುತ್ತಿತ್ತು ಎಂದು ಕಣ್ಣಾರೆ ಕಂಡು ಹೇಳಬಲ್ಲವರು ಈಗ ಭಾವ ಒಬ್ಬರೇ. ಅವರು ಬಾಯಿ ಬಿಡದಿದ್ದರೆ ಕೇಸು ಬಟ್ಟೆ ತೆಗೆಯಲು ಹೋಗಿ ಜಾರಿದ ಎನ್ನುವಲ್ಲಿಗೇ ಮುಗಿಯುತ್ತದೆ.

"ಆದ್ರೆ ಕಾಲೇಜಿನ ವಿಚಾರಣೇಲಿ ಎಲ್ಲಾ ಕೇಳ್ತಾರೆ. ವಾಪಸ್ ಕಳಿಸಿದ್ದು ಯಾರು ಅಂತಾನೂ ಕೇಳ್ತಾರೆ. ನಿಮ್ಮ ಮನೆಯವರು ಅಲ್ಲೇ ಕೂತಿರ್ತಾರೆ. ಅವರಿಗೆ ಇದು ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ."

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಭಾವ ದಿನ ತಳ್ಳಿದರು. ಅಕ್ಕ ಊಟಕ್ಕೆ ಬಡಿಸುವಾಗ ಬಾಯಿ ತೆರೆದು, ಉಪ್ಪು ಕೇಳಿ ಸುಮ್ಮನಾಗುತ್ತಿದ್ದರು. ಕೊನೆಗೆ ವಿಚಾರಣೆಯ ಹಿಂದಿನ ಸಂಜೆ ನಾನೇ ಅಕ್ಕನನ್ನು ಕೆಲಸದ ಹತ್ತಿರದಿಂದ ನೇರ ಅಂಗಡಿಗೆ ಕರೆತಂದೆ. ಭಾವ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಹೇಳಿದರು. ಬಸ್ಸು ಹತ್ತಿಸಿದ್ದನ್ನೂ ಬಿಡಲಿಲ್ಲ.

ಅಕ್ಕ ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತು ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಮಡಚುತ್ತ ಬಿಚ್ಚುತ್ತ ಇದ್ದಳು.

"ಹೇಗಿತ್ತು?" ಎಂದಳು.

ಭಾವ ಹೇಳಲು ನೋಡಿದರು. ಈ ಕಡೆ, ಇಲ್ಲಿ, ಸ್ವಲ್ಪ, ಎಂದು ಗಾಳಿಯಲ್ಲಿ ಕೈಯಾಡಿಸಿದರು.

"ತೋರ್ಸಿ. ನಾನು ನೋಡ್ಬೇಕು. ನೀವೊಬ್ರೇ ನೋಡಿದ್ದೀರ." ಅವಳು ನನ್ನ ಕಡೆ ತಿರುಗಿದಳು. "ಇವನ ತಲೆ ಇದೆಯಲ್ಲ. ಅವನದೇ ಕೂದಲು."

ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಭಾವ ಬಟ್ಟೆ ಹೊದಿಸಿದರು. ಕತ್ತರಿ ಹಿಡಿದ ಕೈ ತಾನಾಗಿ ನೇರಕ್ಕೇ ಹೋಗುತ್ತಿತ್ತು, ಕೆಡಿಸುವುದು ಆ ಕೈಗೆ ಬಾರದು. ಒಂದು ಗೊಂಚಲು ಹಿಡಿದು ನಿಂತುಬಿಟ್ಟರು. ಇಲ್ಲೇನಾ ಎಂದು ಅಕ್ಕ ಕೇಳಿದಳು. ಇನ್ನೂ ಮೇಲೆ ಎಂದು ಬುಡಕ್ಕೇ ಕತ್ತರಿಸಿದರು. ಆಮೇಲೆ ನಿಲ್ಲಿಸಲಿಲ್ಲ. ಒಂದೊಂದು ತೇಪೆಯೂ ಅವರಿಗೆ ನೆನಪಿತ್ತು. ಗಾಯಗಳಿದ್ದ ಜಾಗಕ್ಕೆ ಬಂದಾಗ ಬೆರಳಿನಿಂದ ಮುಟ್ಟಿ ತೋರಿಸಿ ಮುಂದೆ ಹೋದರು.

ನಾನು ಬೇಡವೆಂದರೂ ಕನ್ನಡಿಯ ಕಡೆ ಕಣ್ಣು ಹೋಯಿತು. ಎದುರಿನ ಕನ್ನಡಿಯಲ್ಲಿ ಹಿಂದಿನ ಕನ್ನಡಿ, ಅದರೊಳಗೆ ಮತ್ತೆ ಕನ್ನಡಿ, ಎಲ್ಲದರಲ್ಲೂ ಆ ತಲೆ ಒಳಗೊಳಗೆ ಸಣ್ಣದಾಗುತ್ತ ಸಾಲಾಗಿ ಕೂತಿತ್ತು. ಮೊದಲನೆಯದು ನಾನು. ಅದರಾಚೆಯದು ಯಾವುದೂ ನನ್ನದೆಂದು ನಾನು ಆಣೆ ಮಾಡಲಾರೆ. ನನಗೆ ಹೆದರಿಕೆಯಾಯಿತು.

ಮುಗಿಯಿತು. ಭಾವ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಆಮೇಲೆ, ನಾನು ಕಣ್ಣಾರೆ ಕಂಡೆ, ಅವರ ಕೈ ತಾನೇತಾನಾಗಿ ಮಷೀನಿನ ಕಡೆ ಹೋಯಿತು. ಗುಂಡಿ ಒತ್ತಿದ್ದೂ ಆಯಿತು.

ಅಕ್ಕ ಎದ್ದು ಬಂದು ಅವರ ಮಣಿಕಟ್ಟು ಹಿಡಿದಳು.

"ಬೇಡ. ಇದನ್ನ ಸರಿ ಮಾಡ್ಬೇಡಿ."

ಮಷೀನು ಅವರಿಬ್ಬರ ಕೈ ನಡುವೆ ಗುಂಯ್ ಎನ್ನುತ್ತಲೇ ಇತ್ತು. ಅಕ್ಕ ಇನ್ನೊಂದು ಕೈಯನ್ನು ನನ್ನ ತಲೆಯ ಮೇಲಿಟ್ಟು, ತೇಪೆಗಳ ಮೇಲೆಲ್ಲ ನಿಧಾನವಾಗಿ ಆಡಿಸಿದಳು. ಆ ಕೈ ನನ್ನನ್ನು ಸವರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಉಸಿರಾಡದೆ ಕೂತಿದ್ದೆ.

ಮರುದಿನ ಅದೇ ತಲೆಯಲ್ಲಿ ನಾನು ವಿಚಾರಣೆಗೆ ಹೋದೆ. ಬಸ್ಸಿನಲ್ಲಿ ಜನ ನೋಡಿದರು, ಒಬ್ಬಿಬ್ಬರು ನಕ್ಕರು. ಆ ನಗು ಹೇಗಿರುತ್ತದೆ ಎಂದು ನನ್ನ ಅಳಿಯನಿಗೆ ಗೊತ್ತಿತ್ತಲ್ಲ ಎಂದು ಆಗ ಹೊಳೆಯಿತು. ಇದು ಸಾಕ್ಷಿಯಲ್ಲ, ಸಾಕ್ಷಿ ನಿಮ್ಮ ಭಾವನ ಮಾತು, ಆದರೂ ಎದುರು ಸಾಲಿನಲ್ಲೇ ಕೂತ್ಕೊಳಿ ಎಂದರು ವಕೀಲಮ್ಮ.

ಭಾವ ಎದ್ದು ನಿಂತು ಎಲ್ಲ ಹೇಳಿದರು. ಹಾಗಾದರೆ ಅವನನ್ನು ವಾಪಸ್ ಕಳಿಸಿದ್ದು ನೀವೇ ಅಲ್ಲವೇ ಎಂದು ಕಾಲೇಜಿನ ವಕೀಲರು ಕೇಳಿದರು.

"ಹೌದು. ನಾನೇ ಬಸ್ಸು ಹತ್ತಿಸ್ದೆ. ಅದು ನನ್ ಮೇಲಿರ್ಲಿ. ಕತ್ತರಿಸಿದ್ದು ಯಾರು ಅಂತ ಅವರು ಹೇಳ್ಲಿ."

ಅಕ್ಕ ಅವರನ್ನು ನೋಡಲಿಲ್ಲ. ಎದ್ದೂ ಹೋಗಲಿಲ್ಲ.

ಆಮೇಲೆ ರೂಮಿನ ಹುಡುಗನನ್ನು ಕರೆದರು. ಏನೂ ನೋಡಿಲ್ಲ ಎಂದು ಹೇಳಲು ಬಂದವನು ನನ್ನ ತಲೆಯನ್ನು ನೋಡಿದ. ನೋಡುತ್ತಲೇ ನಿಂತ. ಆಮೇಲೆ ಯಾರೂ ಕೇಳದೆ, ಎಡಗಡೆ ಇನ್ನೂ ಜಾಸ್ತಿ ಇತ್ತು ಎಂದ.

ಅಲ್ಲಿಂದ ಪೊಲೀಸ್ ಕೇಸು ಗಟ್ಟಿಯಾಯಿತು. ಈಗ ಕೋರ್ಟಿನಲ್ಲಿದೆ. ಮುಗಿಯುವುದಕ್ಕೆ ಇನ್ನೂ ಕಾಲ ಬೇಕು ಎನ್ನುತ್ತಾರೆ ವಕೀಲಮ್ಮ. ಅಕ್ಕ, ಭಾವ ಒಂದೇ ಮನೆಯಲ್ಲಿದ್ದಾರೆ. ಮಾತು ಬೇಕಾದಷ್ಟು ಮಾತ್ರ. ಅವಳು ಅವರನ್ನು ಕ್ಷಮಿಸಿದ್ದಾಳೆಯೇ ಎಂದು ನಾನು ಕೇಳಿಲ್ಲ, ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಕಟಿಂಗಿಗೆ ಹೋಗಿದ್ದೆ. ಕೆಲಸ ಮುಗಿಸಿ ಭಾವ ಡ್ರಾಯರು ಎಳೆದರು. ಕೈಗನ್ನಡಿ ತೆಗೆದು, ಒರೆಸಿ, ನನ್ನ ತಲೆಯ ಹಿಂದೆ ಹಿಡಿದರು. ಅದರಲ್ಲಿ ಅವರಿಗೆ ಯಾರು ಕಂಡರೋ ನಾನರಿಯೆ. ಕಣ್ಣು ಮುಚ್ಚದೆ ಹಿಡಿದುಕೊಂಡೇ ನಿಂತರು, ಕಾದರು. ನಾನು ತಲೆಯಾಡಿಸಿದೆ. ನನ್ನ ಕೂದಲು ಪೂರ್ತಿ ಬೆಳೆದುಬಿಟ್ಟಿತ್ತು.