ಇಸಿಜಿ ಮೇಜಿಗೊಂದು ಸೀರೆಯ ಮರೆ

ಬೆಳಗಿನ ಆರು ಗಂಟೆ. ಸಿಂಧನೂರು ಭಾಗದ ಸರ್ಕಾರಿ ಆಸ್ಪತ್ರೆಯೊಂದರ ತುರ್ತು ಕೋಣೆಯಲ್ಲಿ ಇಬ್ಬರು ಹೆಂಗಸರು ಹಳೆಯ ಸೀರೆಯೊಂದನ್ನು ಅಡ್ಡ ಹಿಡಿದು ನಿಂತಿದ್ದಾರೆ. ಅದರಾಚೆ ಇಸಿಜಿ ತೆಗೆಯುವ ನಿಶಾತ್. ಮೇಜಿನ ಮೇಲೆ ಜವಳಗೇರಾದಿಂದ ಟ್ರ್ಯಾಕ್ಟರಿನಲ್ಲಿ ಬಂದ ಐವತ್ತರ ಪೀರಮ್ಮ, ಬೆವರಿನಲ್ಲಿ ತೊಯ್ದಿದ್ದಾರೆ.

"ರವಿಕಿ ಗುಂಡಿ ಬಿಚ್ಚವ್ವಾ. ನೋಡಾವ್ರು ಯಾರೂ ಇಲ್ಲ" ಎನ್ನುತ್ತಲೇ ನಿಶಾತ್ ಪಕ್ಕೆಲುಬು ಎಣಿಸಿ ಎದೆಗೆ ಆರು ತಂತಿ ಹಚ್ಚುತ್ತಾರೆ. ಕಾಗದ ಹೊರಬರುತ್ತದೆ. ತುದಿಯಲ್ಲಿ ಯಂತ್ರ ತಾನೇ ಅಚ್ಚು ಹಾಕುವ ಅಭಿಪ್ರಾಯವನ್ನು ಮಡಚಿಟ್ಟು ಗೆರೆಗಳನ್ನಷ್ಟೇ ನೋಡುತ್ತಾರೆ. ಎದೆಯ ಮುಂಭಾಗದ ಗೆರೆಗಳು ಎದ್ದು ನಿಂತಿವೆ. ಹೃದಯಾಘಾತ. ಡಾಕ್ಟರನ್ನು ಕೂಗುತ್ತಾರೆ, ಇಪ್ಪತ್ತು ನಿಮಿಷದೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಹೋಗುತ್ತದೆ.

ಪೀರಮ್ಮ ಬದುಕುತ್ತಾರೆ. ಆದರೆ ನೋವು ಶುರುವಾದದ್ದು ಹಿಂದಿನ ದಿನ ರಾತ್ರಿ ಎಂಟಕ್ಕೆ. ಆಗಲೇ ಖಾಸಗಿ ದವಾಖಾನೆಯೊಂದರಲ್ಲಿ ಇಸಿಜಿ ಆಗಿತ್ತು. ಗಂಡಸರು ಸುತ್ತ ನಿಂತಿದ್ದರಿಂದ ರವಿಕೆ ಬಿಚ್ಚಿಸದೆ, ಎದೆಗೆ ಹಚ್ಚಬೇಕಾದ ತಂತಿಗಳನ್ನು ಹೊಟ್ಟೆಯ ಮೇಲೆ ಹಚ್ಚಿದ್ದರು. ಗ್ಯಾಸು ಎಂದು ಗುಳಿಗೆ ಕೊಟ್ಟು ಕಳಿಸಿದರು. ಹತ್ತು ತಾಸಿನಲ್ಲಿ ಹೃದಯದ ಒಂದು ಭಾಗ ಸತ್ತುಹೋಯಿತು. ಇದಕ್ಕೆ ಮರ್ಯಾದೆ ಎಂದು ಹೆಸರಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಿಶಾತ್ ಲಿಂಗಸುಗೂರಿನವರು. ಹನ್ನೊಂದು ವರ್ಷದಿಂದ ಗುತ್ತಿಗೆ ನೌಕರಿ. ದಿನಕ್ಕೆ ಮೂವತ್ತು ಇಸಿಜಿ, ಅದರಲ್ಲಿ ಅರ್ಧ ಹೆಂಗಸರದು. ಅವರ ಸಿಟ್ಟು ಮೊದಲು ತಮ್ಮ ಮೇಲೆಯೇ.

"ಎಂಟು ವರ್ಷದ ಹಿಂದ ಮಸ್ಕಿಯಿಂದ ಶೇಖರಮ್ಮ ಅಂತ ಒಬ್ಬಾಕಿ ಬಂದಿದ್ಲು. ಗಂಡ, ಮೈದುನ ಅಲ್ಲೇ ನಿಂತಿದ್ರು. ಆಕಿ ಸೆರಗು ಬಿಡಲಿಲ್ಲ. ಅವ್ರನ್ನ ಹೊರಗ ಹೋಗ್ರಿ ಅನ್ನಾಕ ನನಗೂ ಧೈರ್ಯ ಆಗಲಿಲ್ಲ. ತಂತಿ ತೆಳಗ ಹೊಟ್ಟಿಗೆ ಹಚ್ಚಿದೆ, ನಾರ್ಮಲ್ ಬಂತು. ಮನಿ ಮುಟ್ಟೂದ್ರಾಗ ಹೋಗಿಬಿಟ್ಲು. ಡಾಕ್ಟ್ರನ್ನ ಎಲ್ಲಾರೂ ಬೈದ್ರು, ನನ್ನ ಯಾರೂ ಬೈಲಿಲ್ರಿ. ತಪ್ಪು ನಂದಿತ್ತು."

ಅಂದಿನಿಂದ ಒಂದು ಪರದೆಗಾಗಿ ಐದು ಅರ್ಜಿ ಬರೆದಿದ್ದಾರೆ. ಒಂದಕ್ಕೂ ಉತ್ತರವಿಲ್ಲ. ಕೊನೆಗೆ ತಾವೇ ಹಗ್ಗ ಕಟ್ಟಿ ಹಳೆ ಸೀರೆ ಇಳಿಬಿಟ್ಟರು. ತಪಾಸಣೆಗೆ ಸಾಹೇಬರು ಬರುವ ಹಿಂದಿನ ದಿನ ಮೇಲಿನವರು ಅದನ್ನೂ ಬಿಚ್ಚಿಸಿದರು, ಚೆಂದ ಕಾಣುವುದಿಲ್ಲವಂತೆ. ಸಾಹೇಬರು ಬಂದರು, ಗೋಡೆಯ ಬಣ್ಣ ಮೆಚ್ಚಿಕೊಂಡರು, ಚಹಾ ಕುಡಿದು ಹೋದರು. ಹೆಂಗಸರು ಎಲ್ಲಿ ಎದೆ ತೋರಿಸಬೇಕು ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಈಗ ನಿಶಾತ್ ರೋಗಿಯ ಜೊತೆ ಬಂದ ಹೆಂಗಸರ ಕೈಗೇ ಸೀರೆ ಕೊಡುತ್ತಾರೆ. ಜೊತೆಗೆ ಒಬ್ಬರೇ ಬಂದಿದ್ದರೆ ಕಸ ಗುಡಿಸುವ ಸುಭಾನಬಿ ಪೊರಕೆ ಬದಿಗಿಟ್ಟು ಇನ್ನೊಂದು ತುದಿ ಹಿಡಿಯುತ್ತಾರೆ. ಗಂಡಸರನ್ನು ಹೊರಗೆ ಕಳಿಸುವಾಗ ನಿಶಾತ್ ಅವರ ದನಿ ಈಗ ವರಾಂಡದ ತನಕ ಕೇಳುತ್ತದೆ.

ಮಹಿಳಾ ದಿನದಂದು ಶಾಲು ಹೊದಿಸಲು ಯಾವುದೋ ಸಂಘದವರೊಬ್ಬರು ಬಂದಿದ್ದರಂತೆ, ಇವರು ಒಲ್ಲೆ ಎಂದರಂತೆ. ಹಾಗಾದರೆ ಏನು ಬೇಕು ಎಂದು ಕೇಳುತ್ತೇನೆ.

"ಸೀರಿ ನಂದ ಐತಿ, ಹಗ್ಗಾನೂ ನಂದ ಐತ್ರಿ. ಕಟ್ಟಿದ್ದನ್ನ ಬಿಚ್ಚಬ್ಯಾಡ್ರಿ ಅಂತ ಮ್ಯಾಲಿನವ್ರಿಗೆ ಹೇಳ್ರಿ. ಅಷ್ಟ ಸಾಕು."