ಚರಗದ ದಿನ ಹಾರಿದ ಬಾತುಗಳು

ಸನೋಬರ್ ಅವರು ಕಲಬುರಗಿಯಲ್ಲಿ ವಾರವಿಡೀ ಬ್ಲೌಸ್ ಹೊಲಿಯುತ್ತಾರೆ. ಮಳೆಗಾಲ ಮುಗಿದ ಮೇಲೆ ರಜೆ ಬಂದರೆ ಸಾಕು, ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ತೋರಿಸಲು ಓಣಿಯವರಾದ ನಮ್ಮನ್ನೆಲ್ಲ ಕಮಲಾಪುರದ ಕಡೆಯ ಕೆರೆಗೆ ಕರೆದೊಯ್ಯುತ್ತಾರೆ. ಕೆರೆಯ ಏರಿ ಹತ್ತಿದ ಮೇಲೆ ಯಾರೂ ಬಾಯಿ ಬಿಡಕೂಡದು. ನಾನೊಮ್ಮೆ ಸೀನಿದ್ದಕ್ಕೆ ವಾಪಸು ಬರುವಾಗ ಬಸ್ಸಿನಲ್ಲೂ ಮುಖ ತಿರುಗಿಸಿಕೊಂಡೇ ಕೂತಿದ್ದರು.

ಈ ಸಲ ಹೋದದ್ದು ಸೀಗೆ ಹುಣ್ಣಿಮೆಯ ದಿನ. ದೂರದ ಚಳಿನಾಡಿನಿಂದ ಬಂದ ಸೂಜಿಬಾಲದ ಬಾತುಗಳು ಕೆರೆಯ ನಡುವೆ ಚುಕ್ಕೆಗಳಂತೆ ತೇಲುತ್ತಿದ್ದವು. ಅವು ಹತ್ತಿರ ಬರಲೆಂದು ಜಾಲಿಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತೆವು. ಅಷ್ಟರಲ್ಲಿ ದೌಲಪ್ಪ ಎಂಬ ರೈತರು ಹಬ್ಬದ ಅಡುಗೆಯ ಬುಟ್ಟಿ ಹೊತ್ತು ಪಕ್ಕದ ತೊಗರಿ ಹೊಲಕ್ಕೆ ಬಂದರು. ಭೂಮಿತಾಯಿಗೆಂದು ಹೊಲದ ತುಂಬ ಎಡೆ ಎರಚುವ ಚರಗವನ್ನು ನಮ್ಮಲ್ಲಿ ಯಾರೂ ಮೆಲ್ಲಗೆ ಮಾಡುವುದಿಲ್ಲ. ದೌಲಪ್ಪ ಮೊದಲ ಹಿಡಿ ಎರಚುತ್ತ ಗಂಟಲು ಬಿಚ್ಚಿ ಕೂಗಿದರು.

ಕೆರೆಗೆ ಕೆರೆಯೇ ಮೇಲೆದ್ದಂತಾಯಿತು. ಸನೋಬರ್ ಜಗಳಕ್ಕೆಂದೇ ಎದ್ದು ನಿಂತರು. ಆದರೆ ಬಾತುಗಳು ಒಂದು ಸುತ್ತು ಹೊಡೆದು ನೇರ ನಮ್ಮ ತಲೆಯ ಮೇಲೇ ಬಂದವು. ಬಿಳಿ ಎದೆ, ಚೂಪು ಬಾಲ ದುರ್ಬೀನಿಲ್ಲದೆಯೇ ಕಂಡವು. ರೆಕ್ಕೆಗಳ ಸದ್ದು ಕಿವಿ ತುಂಬಿತು. ಆಮೇಲೆ ಅವು ಮತ್ತೆ ಕೆರೆಯ ನಡುವೆಯೇ ಇಳಿದವು.

ನಮ್ಮನ್ನು ಆಗಷ್ಟೇ ಕಂಡ ದೌಲಪ್ಪ ಗಾಬರಿಯಾಗಿ, “ಏನರ ತಪ್ಪಾತೇನ್ರೀ ಅಕ್ಕಾರ?” ಎಂದರು.

ಸನೋಬರ್ ದಡದಡನೆ ಹೊಲಕ್ಕಿಳಿದು ಹೋಗಿ, ಬುಟ್ಟಿಯೊಳಗೆ ಇಣುಕಿ, ದನಿ ತಗ್ಗಿಸಿ ಕೇಳಿದರು: “ಇನ್ನಾ ಚರಗ ಉಳದದ ಏನ್ರೀ, ಅಣ್ಣಾ?”